ರಾತ್ರಿ ಎಂಟರ ಮೇಲೆ ಮಡಿಕೇರಿ

ಶನಿವಾರ ಸಂಜೆ ರಾಜಾಸೀಟಿನಲ್ಲಿ ನಿಂತವರೆಲ್ಲ ಪಡುವಣಕ್ಕೆ ಮೊಬೈಲ್ ಎತ್ತಿ ಹಿಡಿದಿರುತ್ತಾರೆ. ಕೆಲವು ದಿನ ಸೂರ್ಯ ಬೆಟ್ಟಸಾಲಿನ ಹಿಂದೆ ಚೆಂದವಾಗಿ ಇಳಿಯುತ್ತಾನೆ. ಉಳಿದ ದಿನ ಮಂಜು ಕವಿದು, ಅವನು ಇಳಿದನೋ ಇಲ್ಲವೋ ಎಂದೂ ತಿಳಿಯುವುದಿಲ್ಲ. ಕತ್ತಲಾದ ಮೇಲೆ ಬೆಂಗಳೂರು, ಮೈಸೂರು, ಕಣ್ಣೂರಿನ ನಂಬರ್ ಪ್ಲೇಟುಗಳ ಕಾರುಗಳು ಒಂದರ ಹಿಂದೊಂದು ಇಳಿಜಾರಿನಲ್ಲಿ ತೆವಳುತ್ತವೆ. ಚೌಕಿಯಿಂದ ಮಹದೇವಪೇಟೆಯವರೆಗೆ ಹೋಮ್‌ಮೇಡ್ ಚಾಕೊಲೇಟು, ಜೇನು, ಕಾಫಿಪುಡಿ, ಕಾಳುಮೆಣಸಿನ ಅಂಗಡಿಗಳಲ್ಲಿ ಒಂದಿಷ್ಟು ಹೊತ್ತು ಗದ್ದಲ. ಆಮೇಲೆ ಒಂದೊಂದಾಗಿ ಶಟರುಗಳು ಕೆಳಗೆ ಬೀಳುತ್ತವೆ.

ಆ ಹೊತ್ತಿಗೆ ಯಾವ ಲಾಡ್ಜಿನ ಕೌಂಟರಿನಲ್ಲಿ ನಿಂತರೂ ಕೇಳಿಬರುವ ಮಾತು ಒಂದೇ. ‘ಅಣ್ಣಾ, ರಾತ್ರಿ ನೋಡೋಕೆ ಏನಿದೆ ಇಲ್ಲಿ?’ ಉತ್ತರವೂ ಹೆಚ್ಚುಕಡಿಮೆ ಒಂದೇ. ‘ಊಟ ಮಾಡಿ ಮಲಗಿ ಸಾರ್. ಬೆಳಗ್ಗೆ ಐದಕ್ಕೆ ಮಾಂದಲ್‌ಪಟ್ಟಿಗೆ ಜೀಪು ಹೇಳಿದೀನಿ.’

ಗೋವಾಕ್ಕೆ ಹೋಗಿಬಂದವರು ಇಷ್ಟಕ್ಕೆ ಸುಮ್ಮನಾಗುವುದಿಲ್ಲ. ಇಷ್ಟು ಜನ ಬರುವ ಊರಿನಲ್ಲಿ ಒಂದು ರಾತ್ರಿಯ ಶೋ ಇಲ್ಲ, ಹಾಡು ಕುಣಿತದ ದೊಡ್ಡ ಹಾಲ್ ಇಲ್ಲ, ಕ್ಯಾಸಿನೊ ಅಂತೂ ಇಲ್ಲವೇ ಇಲ್ಲ, ಯಾಕೆ? ಕೇಳುವವರಿಗೆ ಇದು ಬೇಜಾರಿನ ಪ್ರಶ್ನೆ ಅಷ್ಟೆ. ಉತ್ತರ ಹುಡುಕಹೊರಟರೆ ಮಾತ್ರ ಅಮೆರಿಕದ ಒಂದು ದನಗಾಹಿಗಳ ಊರು, ಮಾಂಡವಿ ನದಿಯ ಹಡಗುಗಳು, 1963ರ ಒಂದು ಪೊಲೀಸ್ ಕಾಯ್ದೆ, ಕುಸಿದ ಕಾಫಿ ಬೆಲೆ ಎಲ್ಲವನ್ನೂ ಸುತ್ತಿಬರಬೇಕಾಗುತ್ತದೆ. ಇವೆಲ್ಲದರ ನಡುವೆ ಎಳೆಯಾಗಿ ಸಿಗುವುದು ಒಂದು ಸಣ್ಣ ಲೆಕ್ಕ: ಹೋಟೆಲಿನಲ್ಲಿ ಹಾಡುವವನ ಸಂಬಳ ಯಾರ ಜೇಬಿನಿಂದ ಬರುತ್ತದೆ?

ಎಲ್ಕೊ ಎಂಬ ಸಣ್ಣ ಊರು

ಕ್ಯಾಸಿನೊ ಎಂದ ಕೂಡಲೇ ಲಾಸ್ ವೇಗಸ್ ನೆನಪಾಗುತ್ತದೆ. ಆದರೆ ಅದೇ ನೆವಾಡಾ ರಾಜ್ಯದ ಈಶಾನ್ಯ ಮೂಲೆಯಲ್ಲಿ ಎಲ್ಕೊ ಎಂಬ ಊರಿದೆ. 1860ರ ದಶಕದ ಕೊನೆಯಲ್ಲಿ ರೈಲು ಹಳಿ ಹಾಕುತ್ತ ಬಂದವರು ಹುಟ್ಟಿಸಿದ ಊರು ಅದು. ಸುತ್ತ ಒಣಹುಲ್ಲಿನ ಬಯಲು, ದನ ಕುರಿಗಳ ದೊಡ್ಡ ದೊಡ್ಡ ದೊಡ್ಡಿಗಳು, ಪಕ್ಕದಲ್ಲಿ ಹಂಬೋಲ್ಟ್ ನದಿ. ಇವತ್ತಿಗೂ ಅಲ್ಲಿ ಇರುವವರು ಇಪ್ಪತ್ತು ಸಾವಿರದ ಆಸುಪಾಸು. 2011ರ ಜನಗಣತಿಯಲ್ಲಿ ಮಡಿಕೇರಿ ಪಟ್ಟಣದ ಲೆಕ್ಕ 33 ಸಾವಿರ ದಾಟಿತ್ತು. ಅಂದರೆ ಎಲ್ಕೊ ನಮ್ಮ ಮಡಿಕೇರಿಗಿಂತ ಚಿಕ್ಕದು.

ನೆವಾಡಾ ಜೂಜನ್ನು ಮತ್ತೆ ಕಾನೂನುಬದ್ಧ ಮಾಡಿದ್ದು 1931ರಲ್ಲಿ. ಮಹಾ ಆರ್ಥಿಕ ಕುಸಿತದ ಕಾಲ ಅದು. ಗಣಿಗಳು ಬರಿದಾಗಿದ್ದವು, ಬೆಳೆಯಲು ನೀರಿರಲಿಲ್ಲ, ತೆರಿಗೆ ಕಟ್ಟಲು ಜನರೇ ಇರಲಿಲ್ಲ. ಅದೇ ವರ್ಷ ವಿಚ್ಛೇದನಕ್ಕೆ ಬೇಕಾದ ವಾಸದ ಅವಧಿಯನ್ನೂ ಆರು ವಾರಕ್ಕೆ ಇಳಿಸಿದರು. ಬೇರೆ ರಾಜ್ಯಗಳು ಮುಖ ಸಿಂಡರಿಸುತ್ತಿದ್ದ ಎರಡು ಕೆಲಸಗಳನ್ನು ನೆವಾಡಾ ಒಟ್ಟಿಗೆ ಅಂಗಡಿಗಿಟ್ಟು ಕೂತಿತು. ಮರುಭೂಮಿಯ ಬಡ ರಾಜ್ಯಕ್ಕೆ ಮಾರಲು ಬೇರೇನೂ ಇರಲಿಲ್ಲ ಎಂಬುದನ್ನು ಮರೆಯಬಾರದು. ಮುಂದೆ ಕೊಡಗಿನ ಮಾತು ಬಂದಾಗ ಇದು ಬೇಕಾಗುತ್ತದೆ.

ಎಲ್ಕೊದಲ್ಲಿ ಕಮರ್ಷಿಯಲ್ ಹೋಟೆಲ್ ಎಂಬ ಹಳೆಯ ಹೋಟೆಲೊಂದಿತ್ತು. ಅದನ್ನು ನಡೆಸುತ್ತಿದ್ದವರು ಕ್ರಂಲಿ ಕುಟುಂಬದವರು. ಹೆದ್ದಾರಿಯಲ್ಲಿ ಹೋಗುವ ಕಾರುಗಳು ಪೆಟ್ರೋಲು ಹಾಕಿಸಿ ಹೊರಟುಬಿಡುತ್ತವೆ, ಅವನ್ನು ಒಂದು ರಾತ್ರಿ ನಿಲ್ಲಿಸುವುದು ಹೇಗೆ ಎಂಬುದು ಮಗ ನ್ಯೂಟನ್ ಕ್ರಂಲಿಯ ಚಿಂತೆ. 1941ರ ಏಪ್ರಿಲ್ 26ರಂದು ಅವರು ಟೆಡ್ ಲೂಯಿಸ್ ಎಂಬ ಹೆಸರಾಂತ ವಾದ್ಯಗಾರರನ್ನು ವಾದ್ಯಮೇಳ ಸಮೇತ ಕರೆಸಿದರು. ಎಂಟು ದಿನದ ಕಾರ್ಯಕ್ರಮಕ್ಕೆ 12 ಸಾವಿರ ಡಾಲರ್. ನಾಲ್ಕೈದು ಸಾವಿರ ಜನರ ದನಗಾಹಿ ಊರಿಗೆ ಅದು ಹುಚ್ಚು ಮೊತ್ತ.

ಹುಚ್ಚು ಫಲಿಸಿತು. ಮೈಲಿಗಟ್ಟಲೆ ದೂರದ ರ‍್ಯಾಂಚುಗಳಿಂದ ಜನ ಬಂದರು, ಹೆದ್ದಾರಿಯ ಕಾರುಗಳು ನಿಂತವು. ಆಮೇಲೆ ಸೋಫಿ ಟಕರ್, ಪಾಲ್ ವೈಟ್‌ಮನ್‌ರಂಥ ದೊಡ್ಡ ಹೆಸರುಗಳು ಅದೇ ಊರಿನ ವೇದಿಕೆ ಹತ್ತಿದವು. ನೆವಾಡಾದ ಕ್ಯಾಸಿನೊ ಹೋಟೆಲಿಗೆ ದೇಶಮಟ್ಟದ ತಾರೆಯನ್ನು ಮೊದಲು ತಂದವರು ನಾವೇ ಎಂದು ಎಲ್ಕೊ ಇಂದಿಗೂ ಹೇಳಿಕೊಳ್ಳುತ್ತದೆ. ಲಾಸ್ ವೇಗಸ್‌ನ ಹೆದ್ದಾರಿ ಬದಿಯ ಮೊದಲ ದೊಡ್ಡ ಕ್ಯಾಸಿನೊ ಹೋಟೆಲ್ ಎಲ್ ರ‍್ಯಾಂಚೊ ಬಾಗಿಲು ತೆರೆದದ್ದೂ ಅದೇ ಏಪ್ರಿಲ್ ತಿಂಗಳ 3ರಂದು. ಮೊದಲು ಯಾರು ಎಂಬ ಜಗಳ ಅವರವರಿಗೇ ಇರಲಿ. ನಮಗೆ ಬೇಕಾದದ್ದು ಆ 12 ಸಾವಿರ ಹುಟ್ಟಿದ ಬಗೆ.

ಮೂವತ್ತೆಂಟು ಗುಳಿಗಳ ಲೆಕ್ಕ

ಅದು ಟಿಕೆಟ್‌ನಿಂದ ಹುಟ್ಟಲಿಲ್ಲ, ಊಟದ ಬಿಲ್ಲಿನಿಂದಲೂ ಅಲ್ಲ. ವೇದಿಕೆಯ ಪಕ್ಕದ ಕೋಣೆಯಲ್ಲಿದ್ದ ಮೇಜುಗಳಿಂದ ಹುಟ್ಟಿತು.

ಅಮೆರಿಕದ ರೂಲೆಟ್ ಚಕ್ರದಲ್ಲಿ 38 ಗುಳಿಗಳಿರುತ್ತವೆ. 1ರಿಂದ 36, ಜೊತೆಗೆ ಒಂದು ಸೊನ್ನೆ, ಒಂದು ಜೋಡಿಸೊನ್ನೆ. ಒಂದು ಅಂಕಿಯ ಮೇಲೆ ನೂರು ರೂಪಾಯಿ ಹೂಡಿ ಗೆದ್ದರೆ ಹಾಕಿದ ನೂರರ ಮೇಲೆ 3,500 ಸಿಗುತ್ತದೆ. ಭಾರಿ ಲಾಭ ಎನಿಸುತ್ತದೆ, ಅಲ್ಲವೇ? ಈಗ ಮೂವತ್ತೆಂಟು ಗುಳಿಗೂ ನೂರು ನೂರರಂತೆ 3,800 ಹೂಡಿ ನೋಡಿ. ಯಾವ ಗುಳಿಗೆ ಗೋಲಿ ಬಿದ್ದರೂ ಕೈಗೆ ಬರುವುದು 3,600. ಉಳಿದ 200 ಹೋಟೆಲಿನದು. ಶೇಕಡಾ ಐದೂಕಾಲು.

ಒಬ್ಬ ಗೆಲ್ಲುತ್ತಾನೆ, ಒಬ್ಬ ಸೋಲುತ್ತಾನೆ. ಆದರೆ ರಾತ್ರಿಯಿಡೀ ಸಾವಿರ ಸಲ ಚಕ್ರ ತಿರುಗಿದರೆ ಆ ಐದೂಕಾಲು ತಪ್ಪದೆ ಗಲ್ಲಾಪೆಟ್ಟಿಗೆಗೆ ಬೀಳುತ್ತದೆ. ಇದರಲ್ಲಿ ಮೋಸದ ಮಾತೇ ಇಲ್ಲ, ಎಲ್ಲವೂ ಬಹಿರಂಗ. ಮಾಲೀಕನಿಗೆ ಬೇಕಾದದ್ದು ಎರಡೇ: ಜನ ಒಳಗೆ ಬರಬೇಕು, ಬಂದವರು ಬೇಗ ಎದ್ದು ಹೋಗಬಾರದು. ಹಾಡು, ಕುಣಿತ, ಅಗ್ಗದ ಊಟ, ಪುಕ್ಕಟೆ ಗ್ಲಾಸು ಎಲ್ಲವೂ ಇದಕ್ಕಾಗಿಯೇ. ಗಾಳದ ತುದಿಯ ಎರೆಹುಳುವಿಗೆ ಮೀನು ದುಡ್ಡು ಕೊಡುವುದಿಲ್ಲ.

ಹಾಗಾಗಿ ಕ್ಯಾಸಿನೊ ಹೋಟೆಲಿನ ಮನರಂಜನೆ ನೋಡುವವರಿಗೆ ಅಗ್ಗ. ಸೋಲುವವರ ದುಡ್ಡಿನಲ್ಲಿ ಉಳಿದವರು ಹಾಡು ಕೇಳುತ್ತಾರೆ. ಮೇಜು ಇಲ್ಲದ ಊರಿನಲ್ಲಿ ಅದೇ ಹಾಡಿನ ಪೂರಾ ಖರ್ಚನ್ನು ಯಾರಾದರೊಬ್ಬರು ಕೈಯಿಂದ ಕೊಡಬೇಕು.

ಮಾಂಡವಿಯ ಹಡಗುಗಳು

ನಮ್ಮ ಸಂವಿಧಾನ ಪಣ ಮತ್ತು ಜೂಜನ್ನು ರಾಜ್ಯಗಳ ಪಟ್ಟಿಗೆ ಬಿಟ್ಟಿದೆ. ಆದ್ದರಿಂದಲೇ ಒಂದು ರಾಜ್ಯದಲ್ಲಿ ಅಪರಾಧವಾದದ್ದು ಗಡಿ ದಾಟಿದರೆ ಉದ್ಯಮವಾಗುತ್ತದೆ. ಗೋವಾ ತನ್ನ 1976ರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಆಟಗಳಿಗೆ ಒಪ್ಪಿಗೆ ಕೊಟ್ಟಿತು. 1996ರಲ್ಲಿ ನೀರಿನ ಮೇಲಿನ ಹಡಗುಗಳಿಗೂ ಅವಕಾಶವಾಯಿತು. ಪಣಜಿಯ ದಂಡೆಯಿಂದ ಕಾಣುವ ಆ ಬಣ್ಣದ ದೀಪದ ಹಡಗುಗಳು ಬಂದದ್ದು ಹೀಗೆ. ಒಳಗೆ ಹೋಗಲು ಒಂದು ಟಿಕೆಟ್. ಊಟ, ಕುಡಿತ, ವೇದಿಕೆಯ ಕುಣಿತ ಸಾಮಾನ್ಯವಾಗಿ ಅದರಲ್ಲೇ ಸೇರಿರುತ್ತದೆ. ಎಲ್ಕೊದ ಲೆಕ್ಕವೇ, ಕೊಂಕಣದ ನೀರಿನ ಮೇಲೆ.

ಸಿಕ್ಕಿಂ 2002ರಲ್ಲಿ ಕ್ಯಾಸಿನೊ ಕಾಯ್ದೆ ಮಾಡಿತು. ಮಹಾರಾಷ್ಟ್ರದ ಕತೆ ಇನ್ನೂ ಸ್ವಾರಸ್ಯ: 1976ರಲ್ಲೇ ಕಾಯ್ದೆ ಪಾಸು ಮಾಡಿ, ಜಾರಿಗೆ ತರದೆ ಬೀರುವಿನಲ್ಲಿಟ್ಟು, 2023ರಲ್ಲಿ ಹೊರತೆಗೆದು ರದ್ದು ಮಾಡಿತು.

ಗೋವಾದ ಒಂದು ಸಂಗತಿಯನ್ನು ಇಲ್ಲಿ ನಿಂತು ನೋಡಬೇಕು. 2020ರ ಫೆಬ್ರವರಿ 1ರಿಂದ ಗೋವಾದವರು ಗೋವಾದ ಕ್ಯಾಸಿನೊಗಳ ಆಟದ ಕೋಣೆಗೆ ಹೋಗುವಂತಿಲ್ಲ. ಅಲ್ಲಿ ಕೆಲಸ ಮಾಡಬಹುದು, ಆಡುವಂತಿಲ್ಲ. ಸಿಕ್ಕಿಂನಲ್ಲೂ ಸ್ಥಳೀಯರಿಗೆ ನಿಷೇಧ, ಗಡಿಯಾಚೆಯ ನೇಪಾಳದಲ್ಲೂ ಅಷ್ಟೆ. ಬಂದವರು ಸೋಲಲಿ, ನಮ್ಮವರು ಸೋಲುವುದು ಬೇಡ ಎಂಬ ನಿಲುವು. ಕ್ಯಾಸಿನೊ ಬೇಕು ಎನ್ನುವ ಸರ್ಕಾರಗಳಿಗೇ ಅದರ ಬಗ್ಗೆ ಎಂಥ ಅಭಿಪ್ರಾಯವಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಕರ್ನಾಟಕದಲ್ಲಿ ಏನಿದೆ, ಏನಿಲ್ಲ

ವಿಚಿತ್ರವೆಂದರೆ ಕರ್ನಾಟಕದ ಪ್ರವಾಸೋದ್ಯಮ ಸಚಿವರ ಬಾಯಲ್ಲಿ ಕ್ಯಾಸಿನೊದ ಮಾತು ಬಂದದ್ದೂ ಅದೇ 2020ರ ಫೆಬ್ರವರಿಯಲ್ಲಿ. ಆಗ ಸಚಿವರಾಗಿದ್ದ ಸಿ.ಟಿ. ರವಿ, ಪ್ರವಾಸಿಗರನ್ನು ಸೆಳೆಯಲು ಲಾಸ್ ವೇಗಸ್ ಮಾದರಿಯಲ್ಲಿ ಇಲ್ಲೂ ಕ್ಯಾಸಿನೊ ಬರಬಹುದು ಎಂಬರ್ಥದ ಮಾತಾಡಿದರು. ಟೀಕೆ ಸುರಿಯಿತು. ಅದು ಅನಿಸಿಕೆ ಹಂಚಿಕೊಂಡದ್ದು ಅಷ್ಟೆ, ಸರ್ಕಾರದ ಮುಂದೆ ಅಂಥ ಯೋಜನೆಯಿಲ್ಲ ಎಂಬ ಸ್ಪಷ್ಟನೆಯೂ ಹಿಂದೆಯೇ ಬಂತು. ವಿಷಯ ಅಲ್ಲಿಗೆ ಮುಗಿಯಿತು.

ಕಾಯ್ದೆ ಏನನ್ನುತ್ತದೆ? 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಪ್ರಕಾರ ಜೂಜಿನ ಮನೆ ನಡೆಸುವುದೂ ಅಪರಾಧ, ಅಲ್ಲಿ ಕೂತು ಆಡುವುದೂ ಅಪರಾಧ. ‘ಅಂದರ್ ಬಾಹರ್ ಅಡ್ಡೆ ಮೇಲೆ ದಾಳಿ’ ಎಂದು ಪತ್ರಿಕೆಯ ಮೂಲೆಯಲ್ಲಿ ಓದುತ್ತೇವಲ್ಲ, ಅದು ಈ ಕಾಯ್ದೆಯಡಿಯಲ್ಲೇ. ಕೌಶಲದ ಆಟಕ್ಕೆ ಮಾತ್ರ ವಿನಾಯಿತಿ. ಹದಿಮೂರು ಎಲೆಯ ರಮ್ಮಿಯಲ್ಲಿ ಅದೃಷ್ಟಕ್ಕಿಂತ ನೆನಪು ಮತ್ತು ಜಾಣತನದ ಪಾಲು ಹೆಚ್ಚು ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿತು. ಆಂಧ್ರಪ್ರದೇಶದ ಕ್ಲಬ್ಬೊಂದರ ಮೇಲಿನ ಪ್ರಕರಣ ಅದು. ಕುದುರೆ ಪಂದ್ಯಕ್ಕೂ 1996ರಲ್ಲಿ ಇದೇ ರಕ್ಷಣೆ ಸಿಕ್ಕಿತು. ನಮ್ಮ ಊರೂರಿನ ರಿಕ್ರಿಯೇಷನ್ ಕ್ಲಬ್ಬುಗಳಲ್ಲಿ ಇಸ್ಪೀಟು ಮೇಜು ಉಳಿದುಕೊಂಡಿರುವುದು ರಮ್ಮಿಯ ಈ ತೀರ್ಪಿನ ನೆರಳಿನಲ್ಲಿ.

ಆದರೆ ಆ ತೀರ್ಪಿಗೆ ಒಂದು ಬಾಲವಿದೆ. ಆಟವನ್ನು ನಡೆಸುವವರು ಆಟದಿಂದಲೇ ಲಾಭ ಎತ್ತತೊಡಗಿದರೆ ಅದು ಜೂಜಿನ ಮನೆಯಾಗಬಹುದು. ಮೇಜು, ದೀಪ, ಎಲೆಗಳ ಖರ್ಚಿಗೆಂದು ಒಂದಿಷ್ಟು ಶುಲ್ಕ ಪಡೆಯಬಹುದು, ಅಷ್ಟೆ. ಅಂದರೆ ನಮ್ಮಲ್ಲಿ ಆಡಲು ಮೇಜಿರಬಹುದು, ಆದರೆ ಮೇಜಿನ ದುಡ್ಡಿನಲ್ಲಿ ಹಾಡುಗಾರನನ್ನು ಕರೆಸುವಂತಿಲ್ಲ. ಕ್ಯಾಸಿನೊ ಹೋಟೆಲಿಗೂ ನಮ್ಮ ಕ್ಲಬ್ಬಿಗೂ ಇರುವ ಗೆರೆ ಇದು.

2007ರಲ್ಲಿ ರಾಜ್ಯ ಲಾಟರಿಯನ್ನೂ ನಿಲ್ಲಿಸಿತು. 2021ರಲ್ಲಿ ಆನ್‌ಲೈನ್ ಆಟಗಳನ್ನು ಸೇರಿಸಿ ಕಾಯ್ದೆ ಬಿಗಿ ಮಾಡಿದಾಗ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಅದರ ಮುಖ್ಯ ಅಂಶಗಳನ್ನು ತಳ್ಳಿಹಾಕಿತು. ಮತ್ತೆ 2025ರ ಆಗಸ್ಟ್‌ನಲ್ಲಿ ಸಂಸತ್ತೇ ದುಡ್ಡು ಹೂಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ತಂದಿತು. ಕೊಡಗಿನವರಿಗೆ ಲಾಟರಿ ನಿಂತದ್ದರಲ್ಲಿ ಒಂದು ತಮಾಷೆಯಿದೆ. ಕುಟ್ಟ ಅಥವಾ ಮಾಕುಟ್ಟ ದಾಟಿದರೆ ಕೇರಳ. 1967ರಲ್ಲಿ ಇಲಾಖೆ ಕಟ್ಟಿ ಸರ್ಕಾರವೇ ಲಾಟರಿ ಮಾರುವ ರಾಜ್ಯ ಅದು. 2024ರ ತಿರುವೋಣಂ ಬಂಪರ್‌ನ 25 ಕೋಟಿ ರೂಪಾಯಿ ಮಂಡ್ಯ ಜಿಲ್ಲೆಯವರೊಬ್ಬರ ಪಾಲಾದಾಗ ನಮ್ಮಲ್ಲಿ ಎಷ್ಟು ಜನ ಗಡಿಯ ಕಡೆ ಕತ್ತು ಹೊರಳಿಸಿದರೋ!

ಕ್ಲಬ್ಬಿನ ಬಾಗಿಲು

ಹಾಗಾದರೆ ಮಡಿಕೇರಿಗೆ ಸಂಜೆಯ ಮನರಂಜನೆಯೇ ಇರಲಿಲ್ಲವೇ? ಇತ್ತು, ಬಂದವರಿಗಲ್ಲ.

1834ರಲ್ಲಿ ಚಿಕ್ಕವೀರರಾಜೇಂದ್ರನ ಆಳ್ವಿಕೆ ಮುಗಿದು ಕೊಡಗು ಕಂಪನಿಯ ಕೈಸೇರಿತು. 1854ರಲ್ಲಿ ಜಾನ್ ಫೌಲರ್ ಮಡಿಕೇರಿಯ ಬಳಿ ಕಾಫಿ ತೋಟ ತೆರೆದ ಮೇಲೆ ಬಿಳಿಯ ಪ್ಲಾಂಟರುಗಳು ಸಾಲಾಗಿ ಬಂದರು. ತೋಟದಿಂದ ತೋಟಕ್ಕೆ ಮೈಲಿಗಳ ಕಾಡು, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಸೂರ್ಯನಿಲ್ಲ. ಅಂಥ ಒಂಟಿತನಕ್ಕೆ ಅವರು ಕಂಡುಕೊಂಡ ಮದ್ದು ಕ್ಲಬ್ಬು. ಮಡಿಕೇರಿಯ ನಾರ್ತ್ ಕೂರ್ಗ್ ಕ್ಲಬ್, ಪಾಲಿಬೆಟ್ಟದ ಬ್ಯಾಂಬೂ ಕ್ಲಬ್ ಇವೆಲ್ಲ ಅದೇ ಬಳ್ಳಿಯ ಕಾಯಿಗಳು. ಟೆನಿಸ್, ಬಿಲಿಯರ್ಡ್ಸ್, ಬ್ರಿಜ್, ವಾರಕ್ಕೊಂದು ಸಂಜೆ, ವರ್ಷಕ್ಕೊಂದು ನೃತ್ಯಕೂಟ. ಗಾಲ್ಫ್ ಮೈದಾನಗಳೂ ಹಾಗೆಯೇ ಬಂದವು.

ಇಲ್ಲಿ ಖರ್ಚು ಹೊರುವವರು ಸದಸ್ಯರು. ಚಂದಾ ಕೊಟ್ಟವರಿಗೆ ಮಾತ್ರ ಬಾಗಿಲು ತೆರೆಯುತ್ತದೆ. ಬಿಳಿಯರು ಹೋದ ಮೇಲೆ ಕೊಡವ ಮತ್ತು ಇತರ ಕಾಫಿ ಬೆಳೆಗಾರರು, ಸೈನ್ಯದಿಂದ ನಿವೃತ್ತರಾಗಿ ಊರಿಗೆ ಮರಳಿದ ಅಧಿಕಾರಿಗಳು ಆ ಕುರ್ಚಿಗಳಲ್ಲಿ ಕೂತರು. ಬಾಗಿಲಿನ ನಿಯಮ ಹಾಗೆಯೇ ಉಳಿಯಿತು. ಲಾಡ್ಜಿನಲ್ಲಿ ಇಳಿದುಕೊಂಡ ಪ್ರವಾಸಿಗೆ ಅದರ ಗೇಟು ದೂರದಿಂದ ನೋಡುವ ವಸ್ತು, ಅಷ್ಟೆ. ಅಬಕಾರಿ ಇಲಾಖೆಯ ಲೈಸೆನ್ಸುಗಳಲ್ಲೂ ಈ ವ್ಯತ್ಯಾಸ ಕಾಣುತ್ತದೆ: ಕ್ಲಬ್ಬಿಗೆ ಸಿಎಲ್-4, ರೂಮು ಕೊಡುವ ಹೋಟೆಲಿಗೆ ಸಿಎಲ್-7, ಬಾರ್ ಆ್ಯಂಡ್ ರೆಸ್ಟೊರೆಂಟಿಗೆ ಸಿಎಲ್-9.

ಕಾಫಿ ಬೆಲೆ ಬಿದ್ದ ಮೇಲೆ

ಪ್ರವಾಸಿಗೆ ಕೊಡಗಿನ ಮನೆಯ ಬಾಗಿಲು ತೆರೆದದ್ದು ಕಾಫಿ ಬೆಲೆಯ ಕುಸಿತ. ದಶಕಗಳ ಕಾಲ ಬೆಳೆಗಾರರು ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೆ ಕೊಡಬೇಕಿತ್ತು, ಬೋರ್ಡು ಕಂತಿನಲ್ಲಿ ದುಡ್ಡು ಕೊಡುತ್ತಿತ್ತು. 1990ರ ದಶಕದ ಉದಾರೀಕರಣದಲ್ಲಿ ಆ ಕಟ್ಟು ಹಂತಹಂತವಾಗಿ ಸಡಿಲಾಗಿ 1996ರ ಹೊತ್ತಿಗೆ ಪೂರ್ತಿ ಬಿಚ್ಚಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಳೆ ಸುಟ್ಟಾಗ ಇಲ್ಲಿ ಹಣದ ಹೊಳೆ. ಹೊಸ ಜೀಪು, ಹೊಸ ಮನೆ, ದೊಡ್ಡ ಮದುವೆ. ದಶಕ ಮುಗಿಯುವುದರೊಳಗೆ ವಿಯೆಟ್ನಾಮಿನ ಕಾಫಿ ಜಗತ್ತನ್ನು ತುಂಬಿತು, ಬೆಲೆ ಪಾತಾಳ ಕಂಡಿತು. 2001-02ರ ಬೆಲೆಗೆ ಹಣ್ಣು ಕೊಯ್ಯುವ ಕೂಲಿಯೂ ಹುಟ್ಟುತ್ತಿರಲಿಲ್ಲ ಎಂದು ಹಿರಿಯ ಬೆಳೆಗಾರರು ಈಗಲೂ ಹೇಳುತ್ತಾರೆ.

ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಸಂಬಳ ಬಂದಿತ್ತು, ಸಂಬಳದ ಜೊತೆ ಕಾರು ಬಂದಿತ್ತು, ಕಾರಿನ ಜೊತೆ ಶನಿವಾರ ಬಂದಿತ್ತು. ಇತ್ತ ತೋಟದ ನಡುವೆ ಹತ್ತು ಕೋಣೆಯ ಮನೆಯಲ್ಲಿ ಇಬ್ಬರು ವಯಸ್ಸಾದವರು. ಮಕ್ಕಳು ಊರು ಬಿಟ್ಟಿದ್ದರು. ಖಾಲಿ ಕೋಣೆಗೂ ಆ ಕಾರಿಗೂ ಕೊಂಡಿ ಬಿದ್ದದ್ದೇ ಹೋಮ್‌ಸ್ಟೇ. ನೆವಾಡಾ ಬಡತನದಲ್ಲಿ ಜೂಜಿಗೆ ಬಾಗಿಲು ತೆರೆಯಿತು, ಕೊಡಗು ಕಷ್ಟದಲ್ಲಿ ಅಡುಗೆಮನೆಗೆ ಬಾಗಿಲು ತೆರೆಯಿತು. ನೆವಾಡಾಕ್ಕೆ ಮಾರಲು ಬೇರೇನೂ ಇರಲಿಲ್ಲ, ಕೊಡಗಿಗೆ ಕಡಂಬುಟ್ಟು, ಪಂದಿಕರಿ ಇತ್ತು.

ದೊಡ್ಡ ರೆಸಾರ್ಟುಗಳೂ ಬಂದವು. ಸಿದ್ದಾಪುರದ ಬಳಿ ಕಾವೇರಿ ದಂಡೆಯ ಆರೆಂಜ್ ಕೌಂಟಿ 1990ರ ದಶಕದ್ದು, ಈಗ ಅದರ ಹೆಸರು ಇವಾಲ್ವ್ ಬ್ಯಾಕ್. ತಾಜ್ ಗುಂಪಿನ ಹೋಟೆಲ್ ಗಾಳಿಬೀಡಿನ ಕಾಡಂಚಿನಲ್ಲಿ 2012ರಲ್ಲಿ ಬಾಗಿಲು ತೆರೆಯಿತು. ಆದರೆ ಊರಿನ ಸಂಜೆಯ ಸ್ವರೂಪ ಬದಲಿಸಿದ್ದು ಹೋಮ್‌ಸ್ಟೇಗಳೇ, ಏಕೆಂದರೆ ಅವು ಎಲ್ಲೆಲ್ಲೂ ಇವೆ.

ಬೆಂಕಿಯ ಸುತ್ತ

ಹೋಮ್‌ಸ್ಟೇಯ ರಾತ್ರಿ ಎಂದರೆ ಕ್ಯಾಂಪ್‌ಫೈರ್. ಒಂದು ಹೊರೆ ಸೌದೆ, ಆರು ಪ್ಲಾಸ್ಟಿಕ್ ಕುರ್ಚಿ, ಬ್ಲೂಟೂತ್ ಸ್ಪೀಕರು. ಹಾಡುಗಾರರು ಅತಿಥಿಗಳೇ. ಕೆಲವು ಕಡೆ ಸೌದೆಗೆ ಬಿಲ್ಲಿನಲ್ಲಿ ಬೇರೆ ಸಾಲು, ಕೆಲವು ಕಡೆ ಬಾಡಿಗೆಯಲ್ಲೇ ಸೇರಿಸಿರುತ್ತಾರೆ. ಇದಕ್ಕಿಂತ ಅಗ್ಗದ ಮನರಂಜನೆ ಜಗತ್ತಿನ ಯಾವ ಹೋಟೆಲಿನಲ್ಲೂ ಇಲ್ಲ ಎಂದರೆ ಉತ್ಪ್ರೇಕ್ಷೆಯಲ್ಲ.

ದೊಡ್ಡ ರೆಸಾರ್ಟಿನಲ್ಲಿ ಸಂಜೆಗೆ ಕೊಡವ ವಾಲಗ ಇರುತ್ತದೆ, ಉಮ್ಮತ್ತಾಟ್ ಕುಣಿತ ಇರುತ್ತದೆ. ಖರ್ಚು ರೂಮಿನ ಬಾಡಿಗೆಯಲ್ಲಿ ಅಡಗಿದೆ. ನೋಡಲು ಚೆಂದವೇ. ಆದರೆ ಮದುವೆ ಮನೆಯಲ್ಲಿ ವಾಲಗದ ಪೆಟ್ಟು ಬಿದ್ದೊಡನೆ ಎಪ್ಪತ್ತು ದಾಟಿದ ಅಜ್ಜಿಯೂ ಕುಣಿಯಲು ಇಳಿಯುವುದನ್ನು ಕಂಡವರಿಗೆ, ಅದೇ ಪೆಟ್ಟು ಬಫೆಯ ಪಕ್ಕದಲ್ಲಿ ಇಪ್ಪತ್ತು ನಿಮಿಷಕ್ಕೆ ಕಟ್ಟಾಗಿ ಮುಗಿಯುವುದು ಸಪ್ಪೆ ಎನಿಸುತ್ತದೆ. ಹಾಗೆಂದು ಬಾರಿಸುವವರಿಗೆ ಮದುವೆ ಸೀಸನ್ನಿನ ಆಚೆಗೂ ನಾಲ್ಕು ಕಾಸು ಸಿಗುವುದನ್ನು ಬೇಡ ಎನ್ನಲು ನಾವು ಯಾರು? ಕುಪ್ಯಚೇಲೆ, ಪೀಚೆಕತ್ತಿಯನ್ನು ಹೋಟೆಲ್ ಬಾಗಿಲಿನ ಸಮವಸ್ತ್ರ ಮಾಡುವುದು ಮಾತ್ರ ಬೇರೆ ಮಾತು. ಅದು ಹಬ್ಬಕ್ಕೂ ಮದುವೆಗೂ ತೊಡುವ ಉಡುಪು.

ಬೆಂಕಿಯ ಸುತ್ತಿನ ಸಂಜೆ ಹದ ಮೀರುವುದೂ ಉಂಟು. ನೋಂದಣಿಯ ನಿಯಮದಂತೆ ಮಾಲೀಕರು ಅದೇ ಜಾಗದಲ್ಲಿ ವಾಸವಿರಬೇಕು. ಬೆಂಗಳೂರಿನಲ್ಲಿ ಕೂತ ಗುತ್ತಿಗೆದಾರ ತೋಟದ ಮನೆ ಬಾಡಿಗೆಗೆ ಹಿಡಿದು ನಡೆಸುವಾಗ ‘ಹೋಮ್’ ಹೋಗಿ ‘ಸ್ಟೇ’ ಮಾತ್ರ ಉಳಿಯುತ್ತದೆ. ಡಿಜೆ, ರೈನ್ ಡ್ಯಾನ್ಸು, ಲೈಸೆನ್ಸಿಲ್ಲದ ಮದ್ಯ ಬರುವುದು ಸಾಮಾನ್ಯವಾಗಿ ಅಂಥ ಕಡೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಕಣಿವೆಯಲ್ಲಿ ಸದ್ದು ಹರಿಯುವ ದೂರ ಬಯಲಿನವರಿಗೆ ಗೊತ್ತಾಗುವುದಿಲ್ಲ. ಎರಡು ತೋಟದಾಚೆಯ ಲೈನ್‌ಮನೆಯಲ್ಲಿ ಬೆಳಗ್ಗೆ ಬೇಗ ಕೆಲಸಕ್ಕೆ ಹೋಗುವ ಕಾರ್ಮಿಕರು ನಿದ್ದೆಯಿಲ್ಲದೆ ಹೊರಳುತ್ತಿರುತ್ತಾರೆ.

2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಮಕ್ಕಂದೂರು, ಜೋಡುಪಾಲದ ಕಡೆ ಮನೆಗಳು ಮಣ್ಣುಪಾಲಾದಾಗ ಜಿಲ್ಲಾಡಳಿತ ಪ್ರವಾಸಿಗರು ಬರುವುದನ್ನೇ ಕೆಲಕಾಲ ನಿಲ್ಲಿಸಿತು. ಬೆಟ್ಟ ಕಡಿದು ಕಟ್ಟಡ ಎಬ್ಬಿಸುವ ಬಗ್ಗೆ ಅಂದು ಎದ್ದ ಪ್ರಶ್ನೆ ಇನ್ನೂ ಕೂತಿಲ್ಲ. ನೂರಾರು ಕೋಣೆಯ ಕ್ಯಾಸಿನೊ ಹೋಟೆಲ್ ಬೇಕೆನ್ನುವವರು ಕಾಯ್ದೆಯ ಜೊತೆ ಈ ಮಣ್ಣನ್ನೂ ಓದಬೇಕು.

ಊರೇ ಖರ್ಚು ಹೊರುವ ರಾತ್ರಿ

ವರ್ಷದಲ್ಲಿ ಒಂದು ರಾತ್ರಿ ಮಾತ್ರ ಲಾಡ್ಜಿನ ಕೌಂಟರಿನ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ವಿಜಯದಶಮಿಯ ರಾತ್ರಿ ಮಡಿಕೇರಿ ಮಲಗುವುದೇ ಇಲ್ಲ.

ಇದರ ಮೂಲ ಮನರಂಜನೆಯಲ್ಲ, ರೋಗ. ಕೊಡಗನ್ನಾಳಿದ ಹಾಲೇರಿ ಅರಸರ ಕಾಲದಲ್ಲಿ ಊರಿಗೆ ಸಾಂಕ್ರಾಮಿಕ ಬಡಿದಾಗ ಶಕ್ತಿದೇವತೆಗಳನ್ನು ಕರಗದ ರೂಪದಲ್ಲಿ ಊರು ಸುತ್ತಿಸಿದರು ಎಂಬುದು ನಂಬಿಕೆ. ಇಂದಿಗೂ ನವರಾತ್ರಿಯ ಆರಂಭಕ್ಕೆ ಪಂಪಿನಕೆರೆಯ ಬಳಿ ನಾಲ್ಕು ಕರಗಗಳನ್ನು ಕಟ್ಟುತ್ತಾರೆ: ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿ, ಕೋಟೆ ಮಾರಿಯಮ್ಮ. ಕರಗ ಮನೆಮನೆಯ ಮುಂದೆ ಬರುತ್ತದೆ, ಹೆಂಗಸರು ಪೂಜೆ ಕೊಡುತ್ತಾರೆ. ಗಾಂಧಿ ಮೈದಾನದ ವೇದಿಕೆಯಲ್ಲಿ ಅಷ್ಟೂ ದಿನ ಸಾಂಸ್ಕೃತಿಕ ಕಾರ್ಯಕ್ರಮ, ನಡುವೆ ಮಕ್ಕಳ ದಸರಾ, ಮಹಿಳಾ ದಸರಾ, ಕವಿಗೋಷ್ಠಿ.

ಹತ್ತನೆಯ ರಾತ್ರಿ ಹತ್ತು ದೇವಸ್ಥಾನಗಳ ಹತ್ತು ಮಂಟಪಗಳು ಬೀದಿಗಿಳಿಯುತ್ತವೆ. ಪೇಟೆ ಶ್ರೀರಾಮಮಂದಿರದ್ದು ಮುಂದೆ. ಕೋಟೆ ಮಹಾಗಣಪತಿ, ಕೋದಂಡರಾಮ, ಚೌಡೇಶ್ವರಿ, ದೇಚೂರು ರಾಮಮಂದಿರ, ಕರವಲೆ ಭಗವತಿ ಮತ್ತು ನಾಲ್ಕು ಶಕ್ತಿದೇವತೆಗಳದ್ದು ತಂತಮ್ಮ ಸರದಿಯಲ್ಲಿ. ಮಂಟಪ ಎಂದರೆ ಹೂವಿನ ಪಲ್ಲಕ್ಕಿ ಎಂದುಕೊಂಡು ಬಂದವರು ಬೆಚ್ಚಿಬೀಳುತ್ತಾರೆ. ಟ್ರ್ಯಾಕ್ಟರುಗಳ ಮೇಲೆ ಮನೆಯೆತ್ತರದ ರಾಕ್ಷಸ ಕತ್ತು ಹೊರಳಿಸುತ್ತಾನೆ, ಕೈ ಎತ್ತುತ್ತಾನೆ, ಬಾಯಿಂದ ಹೊಗೆ ಬಿಡುತ್ತಾನೆ. ಆಕಾಶದಿಂದ ದೇವಿ ಇಳಿಯುತ್ತಾಳೆ. ಕತೆ ಪುರಾಣದ್ದು, ಎಲುಬು ಕಬ್ಬಿಣದ್ದು, ಸ್ನಾಯು ಹೈಡ್ರಾಲಿಕ್. ದೀಪದ ತಂಡಗಳು ದಿಂಡಿಗಲ್‌ನಿಂದ ಬರುವುದುಂಟು. ಮೂರ್ತಿ, ಧ್ವನಿ, ಹೊಗೆ, ಬೆಂಕಿ ಒಂದೊಂದಕ್ಕೂ ಒಂದೊಂದು ತಂಡ.

ತಿಂಗಳುಗಟ್ಟಲೆ ಮೊದಲೇ ಸಮಿತಿಯ ಹುಡುಗರು ಕತೆ ಆರಿಸಿ ಗುಟ್ಟಾಗಿ ಇಟ್ಟುಕೊಳ್ಳುತ್ತಾರೆ. ಪಕ್ಕದ ಮಂಟಪದವರು ಈ ಸಲ ಏನು ಮಾಡುತ್ತಿದ್ದಾರೆ ಎಂಬುದು ಸೆಪ್ಟೆಂಬರಿನ ಮಡಿಕೇರಿಯಲ್ಲಿ ಕಾಫಿ ಬೆಲೆಗಿಂತ ದೊಡ್ಡ ಸುದ್ದಿ. ತೀರ್ಪುಗಾರರಿರುತ್ತಾರೆ, ಬಹುಮಾನವಿರುತ್ತದೆ, ಬಹುಮಾನದ ಬಗ್ಗೆ ಜಗಳವಂತೂ ಇದ್ದೇ ಇರುತ್ತದೆ. ಬೆಳಗಿನ ಜಾವ ಬನ್ನಿ ಕಡಿಯುವವರೆಗೆ ಜನ ಚಳಿಯಲ್ಲಿ, ಕೆಲವು ವರ್ಷ ಮಳೆಯಲ್ಲೂ, ಮಹಡಿ ಮೇಲೆ, ಗೋಡೆ ಮೇಲೆ, ಫುಟ್‌ಪಾತಿನ ಮೇಲೆ ಕಾದಿರುತ್ತಾರೆ. ಟಿಕೆಟ್ ಇಲ್ಲ.

ಇಲ್ಲಿ ಖರ್ಚು ಯಾರದು? ಸರ್ಕಾರದ ಅನುದಾನ ಒಂದು ಪಾಲು. ಅದು ಎಷ್ಟು, ಯಾವಾಗ ಬರುತ್ತದೆ ಎಂಬುದು ಪ್ರತಿ ವರ್ಷದ ಹಗ್ಗಜಗ್ಗಾಟ. ಉಳಿದದ್ದು ರಸೀದಿ ಪುಸ್ತಕ ಹಿಡಿದು ಸುತ್ತುವ ಹುಡುಗರ ವಂತಿಗೆ, ಅಂಗಡಿಯವರು, ತೋಟದವರು, ಹೊರಗೆ ದುಡಿಯುವ ಊರಿನ ಮಕ್ಕಳು ಕಳಿಸುವ ಹಣ. ಲಕ್ಷಗಟ್ಟಲೆ ಸುರಿದು, ರಾತ್ರಿ ಒಂದೇ ಸಲ ತೋರಿಸಿ, ಮರುದಿನ ಬಿಚ್ಚಿಹಾಕುತ್ತಾರೆ. ಎಲ್ಕೊದ ಕ್ರಂಲಿಗೆ ಇದನ್ನು ವಿವರಿಸಿದ್ದರೆ ಲೆಕ್ಕ ತಪ್ಪಿದೆ ಎನ್ನುತ್ತಿದ್ದನೇನೋ.

ಈಚಿನ ವರ್ಷಗಳಲ್ಲಿ ಧ್ವನಿಯ ಅಬ್ಬರ ಏರಿ, ಪೊಲೀಸರು ಡಿಜೆಗೆ ಮಿತಿ ಹಾಕುವುದು, ಸಮಿತಿಗಳು ಗೊಣಗುವುದು ವಾಡಿಕೆಯಾಗಿದೆ. 2018ರ ದುರಂತದ ವರ್ಷ, ಮತ್ತೆ 2020ರ ಕೋವಿಡ್ ವರ್ಷ ಹಬ್ಬ ಸರಳವಾಗಿ ನಡೆಯಿತು. ಆಗ ಕರಗ ಬಂತು, ಅಬ್ಬರ ಬರಲಿಲ್ಲ. ಹಬ್ಬದ ಬೇರು ಎಲ್ಲಿದೆ ಎಂದು ಹಿರಿಯರು ಆಗ ನೆನಪಿಸಿದರು. ಹುಡುಗರು ಮರುವರ್ಷದ ರಾಕ್ಷಸನ ಎತ್ತರ ಲೆಕ್ಕಹಾಕುತ್ತಿದ್ದರು.

ದಸರೆಯ ಆ ಒಂದು ರಾತ್ರಿಗೆ ಊರಿನ ರೂಮುಗಳು ತಿಂಗಳ ಮೊದಲೇ ಭರ್ತಿಯಾಗುತ್ತವೆ, ಬಾಡಿಗೆಯೂ ಏರುತ್ತದೆ. ಪೇಟೆಯ ಬೀದಿಬೀದಿಯಲ್ಲಿ ವಂತಿಗೆ ಎತ್ತಿ ಕಟ್ಟಿದ ಮಂಟಪವನ್ನು ನೋಡಲು ಬಂದವರಿಂದ ಲಾಭ ಕಾಣುವ ಹೋಟೆಲು, ರೆಸಾರ್ಟು, ಹೋಮ್‌ಸ್ಟೇಗಳು ಸಮಿತಿಯ ರಸೀದಿ ಪುಸ್ತಕಕ್ಕೆ ಎಷ್ಟು ಬರೆಯಬೇಕು? ಮುಂದಿನ ದಸರೆಯ ಸಭೆಯಲ್ಲಿ ಎತ್ತಬೇಕಾದ ಪ್ರಶ್ನೆ ಇದು.